ನಾಯಿ ಪಾಲು

ನಾಯಿಯನ್ನು ಸಾಕುವುದು ಎಂಬ ಮಾತೇ ನಾನು ಸಣ್ಣವಳಿದ್ದಾಗ ನಮ್ಮ ಕಡೆ ಇರಲಿಲ್ಲ. ಮನೆಯಲ್ಲಿ ಒಲೆ ಇರುತ್ತಿತ್ತು, ದನ ಇರುತ್ತಿತ್ತು, ಹಾಗೆಯೇ ನಾಯಿಯೂ ಇರುತ್ತಿತ್ತು. ಹೆಣ್ಣು ಕೇಳಲು ಬಂದವರೂ ಮನೆಯಲ್ಲಿ ಎಷ್ಟು ಜನ, ಎಷ್ಟು ದನ ಎಂದು ವಿಚಾರಿಸಿದ ಮೇಲೆ "ನಾಯಿ ಎಷ್ಟು?" ಎಂದು ಕೇಳುತ್ತಿದ್ದ ಕಾಲ ಅದು. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಗುಡ್ಡದ ಆಚೆ ಬಿಳಿ ದೊರೆಯ ಎಸ್ಟೇಟು, ಈಚೆ ದೊಡ್ಡಗೌಡರ ಎಸ್ಟೇಟು. ನಮ್ಮ ಅಪ್ಪಯ್ಯ ಗೌಡರಲ್ಲಿ ಮೇಸ್ತ್ರಿ. ಮೂಡಿಗೆರೆ ಪೇಟೆಗೆ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ.

ನಮ್ಮಲ್ಲಿದ್ದದ್ದು ಎರಡು ನಾಯಿ, ಕೆಂಚ ಮತ್ತು ಗೌಜಿ. ಒಂದೇ ಸೂಲಿನವು. ತಾಯಿ ದೊರೆಯ ಬಂಗಲೆಯ ಬೇಟೆನಾಯಿ. ತಂದೆ ಯಾರೆಂದು ಬಂಗಲೆಯ ಬಟ್ಲರನಿಗೂ ತಿಳಿಯದು. ಜಾತಿ ಕೆಟ್ಟ ಮರಿಗಳೆಂದು ದೊರೆ ಎಸೆಯಲು ಹೇಳಿದ್ದನ್ನು ಅಪ್ಪಯ್ಯ ಕಂಬಳಿಯೊಳಗೆ ಇಟ್ಟುಕೊಂಡು ಮನೆಗೆ ತಂದಿದ್ದ. ಉದ್ದ ಕಾಲು, ಒಳಕ್ಕೆ ಸೇದಿದ ಹೊಟ್ಟೆ ಎಲ್ಲ ತಾಯಿಯ ಕಡೆಯದು. ಕಳ್ಳಬುದ್ಧಿ ಮಾತ್ರ ಅಪ್ಪಟ ನಮ್ಮೂರಿನದು. ಗೌಜಿ ಎಂಬುದು ಯಾರೂ ಇಟ್ಟ ಹೆಸರಲ್ಲ. ಅವಳಿದ್ದಲ್ಲೆಲ್ಲ ಗಲಾಟೆ. "ಎಂತ ಗೌಜಿ ಮಾರಾಯ್ತಿ ನಿಂದು!" ಎಂದು ಅವ್ವ ದಿನಾ ಬೈದ ಬೈಗುಳವೇ ಹೆಸರಾಗಿ ನಿಂತಿತು.

ಬೆಳಗ್ಗೆ ಅವ್ವ ಬಾಗಿಲ ಅಗುಳಿ ಸರಿಸಿದ ಸದ್ದು ಕೇಳಿದರೆ ಸಾಕು, ಎರಡೂ ಒಟ್ಟಿಗೆ ಅವಳ ಎದೆಗೆ ಹಾರುತ್ತಿದ್ದವು. ತೊಳೆದ ಸೀರೆಯ ಮೇಲೆ ನಾಲ್ಕು ಕೆಸರು ಪಾದ ಬೀಳದ ದಿನವೇ ಇರಲಿಲ್ಲ. ಒಮ್ಮೆ ಗೌಜಿ ಹಬೆಯಾಡುವ ಕಡುಬನ್ನು ಕದ್ದು ಓಡಿದಳು. ಬಾಯಿ ಸುಡುತ್ತಿದೆ, ಬಿಡಲು ಮನಸ್ಸಿಲ್ಲ. ಕುಂಯ್ಯೋ ಎನ್ನುತ್ತಲೇ ಅಂಗಳವನ್ನು ಸುತ್ತಿದಳು. ಕೆಂಚ ಆ ಕಡುಬು ಈಗ ಬೀಳುತ್ತದೆ, ಆಗ ಬೀಳುತ್ತದೆ ಎಂದು ಅವಳ ಹಿಂದೆ. ಅವ್ವ ಸೌದೆ ಹಿಡಿದುಕೊಂಡು ಅವನ ಹಿಂದೆ. ಕೊನೆಗೆ ಅವ್ವನೇ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ನಾಯಿಗಳು ಹೊಳೆಯ ನೀರು ಕುಡಿದು ಬಂದರೆ ಮೂಗಿನೊಳಗೆ ಇಂಬಳ, ಅಂದರೆ ಜಿಗಣೆ, ಹೊಕ್ಕಿರುತ್ತಿತ್ತು. ಅದನ್ನು ತೆಗೆಯುವುದು ನನ್ನ ಕೆಲಸ. ತಣ್ಣೀರಿನ ಬೋಗುಣಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಉಸಿರು ಬಿಗಿಹಿಡಿದು ಕಾಯಬೇಕು. ನೀರಿನ ಆಸೆಗೆ ಇಂಬಳ ಕಪ್ಪಗೆ ಹೊರಗೆ ಇಣುಕುವುದು. ಬೂದಿ ಬಳಿದ ಬೆರಳಲ್ಲಿ ಹಿಡಿದು ಎಳೆಯಬೇಕು. ಕೈ ಜಾರಿದರೆ ಮತ್ತೆ ಅರ್ಧ ದಿನ ಕಾಯಬೇಕು. ತೆಗೆದ ಉಪಕಾರಕ್ಕೆ ಗೌಜಿ ರಕ್ತ, ಸಿಂಬಳ ಎರಡೂ ಸೇರಿಸಿ ನನ್ನ ಮುಖಕ್ಕೇ ಸೀನುತ್ತಿದ್ದಳು.

ಅವುಗಳ ಆಟವೊಂದಿತ್ತು. ನಾನು ಒರತೆಯಿಂದ ಕೊಡ ಹೊತ್ತು ಏರು ಹತ್ತುವಾಗ ಕೆಂಚ ದಾರಿಗೆ ಅಡ್ಡ ನಿಂತು ಬೊಗಳುತ್ತಿದ್ದ. ನಾನು ಅವನನ್ನು ಗದರುತ್ತಿರುವಾಗಲೇ ಗೌಜಿ ಸದ್ದಿಲ್ಲದೆ ಹಿಂದಿನಿಂದ ಬಂದು ಲಂಗದ ಅಂಚು ಹಿಡಿದು ಜಗ್ಗುತ್ತಿದ್ದಳು. ತಿರುಗಿದರೆ ಕೆಂಚ ಮುಂದಿನಿಂದ ಮೇಲೆ ಹಾರುವನು. ಅರ್ಧ ಕೊಡ ನೀರು ದಾರಿಯಲ್ಲೇ ಚೆಲ್ಲುತ್ತಿತ್ತು. ಇದು ಅವು ನನಗಾಗಿ ಕಟ್ಟಿದ ಆಟವಲ್ಲವೆಂದು ಆಮೇಲೆ ತಿಳಿಯಿತು. ಕಾಡಿನಲ್ಲಿ ಹಂದಿಯನ್ನು ತಡೆದು ನಿಲ್ಲಿಸುವುದೂ ಹೀಗೆಯೇ: ಒಂದು ಮುಂದೆ ನಿಂತು ಬೊಗಳಬೇಕು, ಇನ್ನೊಂದು ಹಿಂದಿನಿಂದ ಕಚ್ಚಬೇಕು.

ನಾನು ಹೇಳಹೊರಟಿರುವ ವರ್ಷದ ಹಿಂದಿನ ಮಳೆಗಾಲದ ಮೊದಲು, ಮರಗಸಿ ಮಾಡಿಸುವಾಗ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಸುವಾಗ, ಅಪ್ಪಯ್ಯ ಮರದಿಂದ ಬಿದ್ದ. ಎಡಗಾಲು ಸೊಟ್ಟಗೇ ಕೂಡಿಕೊಂಡಿತು. ಗೌಡರು ಕೈ ಬಿಡಲಿಲ್ಲ, ಕಾಫಿ ಒಣಗಿಸುವ ಕಣ ಕಾಯುವ ಕೆಲಸ ಕೊಟ್ಟರು. ಜನ ಬಾಯಲ್ಲಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆದರೆ ಕೋಲೂರಿಕೊಂಡು ಕೋಳಿ ಓಡಿಸುವ ಮೇಸ್ತ್ರಿ. ಹರವಿದ ಹಣ್ಣಿನ ಮೇಲೆ ನಮ್ಮ ನಾಯಿಗಳೇ ಕೋಳಿ ಅಟ್ಟಿಕೊಂಡು ಹಾದು ಹೋದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಫೀಸಿನ ಕಿಟಕಿಯಿಂದ, "ಏ ಮೇಸ್ತ್ರಿ, ಕಣ ಕಾಯೋದು ನೀನಾ, ನಿನ್ನ ನಾಯಿಯಾ?" ಎಂದು ಕೂಗುತ್ತಿದ್ದರು. ಅಪ್ಪಯ್ಯ ನಗುತ್ತಿದ್ದ. ಒಳಗೆ ಬಂದ ಮೇಲೆ ನಗುತ್ತಿರಲಿಲ್ಲ.

ಹಣ್ಣು ಕೊಯ್ಲು ಮುಗಿದ ಮೇಲೆ ಹೂಮಳೆ ಬೀಳುವ ತನಕ ಹಂದಿ ಬೇಟೆಯ ಕಾಲ. ಹೂಮಳೆ ಬಿದ್ದು ಕಾಫಿ ಹೂವಾಯಿತೋ, ಬೇಟೆ ಅಲ್ಲಿಗೆ ಮುಗಿಯಿತು. ಹೂ ಉದುರುತ್ತದೆಂದು ಗೌಡರು ತೋಟದೊಳಗೆ ಒಂದು ನರಪಿಳ್ಳೆಯನ್ನೂ ಬಿಡುತ್ತಿರಲಿಲ್ಲ. ಬೇಟೆಗೆ ಪ್ರತಿ ಮನೆಯಿಂದಲೂ ಒಬ್ಬ ಗಂಡಸು ಬರಬೇಕು, ಇಲ್ಲವೇ ಒಂದು ನಾಯಿ ಬರಬೇಕು. ಬಿದ್ದ ಹಂದಿಯನ್ನು ಹಂಚುವಾಗ ಕೋವಿ ಹಿಡಿದವನಿಗೊಂದು ಪಾಲು, ಹಳುವಿನ ಪೊದೆಗಳೊಳಗೆ ನುಗ್ಗಿ ಹಂದಿ ಎಬ್ಬಿಸಿದವರಿಗೊಂದು ಪಾಲು, ನಾಯಿಯ ಮನೆಗೊಂದು ನಾಯಿ ಪಾಲು. ಯಾರನ್ನೂ ಕಳಿಸದ ಮನೆಗೆ ಏನೂ ಇಲ್ಲ. ಆ ಮಾಂಸಕ್ಕೆ ಉಪ್ಪು ಹಚ್ಚಿ ಒಲೆಯ ಮೇಲೆ ಹೊಗೆಗೆ ಕಟ್ಟಿದರೆ ಮಳೆಗಾಲ ಕಳೆಯುತ್ತಿತ್ತು. ಬರೀ ಮಾಂಸದ ಮಾತಲ್ಲ ಅದು. ಪಾಲು ಬಂತು ಎಂದರೆ ಆ ಮನೆ ಊರಿನ ಲೆಕ್ಕದಲ್ಲಿದೆ ಎಂದರ್ಥ. ಕಾಲು ಹೋದ ಮೇಲೆ ಅಪ್ಪಯ್ಯ ಹಿಡಿದುಕೊಂಡಿದ್ದದ್ದು ಅದೊಂದನ್ನೇ.

ಪಾಲು ಬಂದ ದಿನ ಅವ್ವ ಕೆಂಡದ ಮೇಲೆ ಸುಟ್ಟ ಮೊದಲ ತುಂಡನ್ನು ನಾಯಿಗಳಿಗೆ ಮೆಟ್ಟಿಲ ಮೇಲೆ ಇಡುತ್ತಿದ್ದಳು. ನಾವು ಆಮೇಲೆ ಉಣ್ಣುವುದು.

ಆ ವರ್ಷದ ಮೊದಲ ಬೇಟೆಯಲ್ಲೇ ಕೆಂಚನ ಹೊಟ್ಟೆಗೆ ಹಂದಿಯ ಕೋರೆ ಬಿತ್ತು. ಅವನನ್ನು ಗೋಣಿಯಲ್ಲಿ ಹೊತ್ತು ತಂದರು. ಅವ್ವ ಅವನ ಬಾಯಿ ಅದುಮಿ ಹಿಡಿದಳು, ಅಪ್ಪಯ್ಯ ಗೋಣಿ ಹೊಲಿಯುವ ದಬ್ಬಳದಲ್ಲೇ ಹೊಲಿದ. ಅರಿಶಿನ ಮೆತ್ತಿದೆವು. ಕೆಂಚ ಎರಡು ದಿನ ಬಾಲ ಆಡಿಸಿದ, ಮೂರನೆಯ ದಿನ ಆಡಿಸಲಿಲ್ಲ.

ಆಮೇಲೆ ಗೌಜಿ ವಿಚಿತ್ರವೊಂದನ್ನು ಕಲಿತಳು. ನಾನು ಕೊಡ ಹೊತ್ತು ಬರುವಾಗ ತಾನೇ ಮುಂದೆ ಬಂದು ಕೆಂಚನ ಹಾಗೆ ಬೊಗಳುವಳು, ಬೊಗಳಿ ತಟ್ಟನೆ ನನ್ನನ್ನು ಸುತ್ತಿ ಹಿಂದೆ ಓಡಿ ಲಂಗ ಜಗ್ಗುವಳು, ಮತ್ತೆ ಮುಂದಕ್ಕೆ. ಎರಡು ನಾಯಿಯ ಆಟವನ್ನು ಒಬ್ಬಳೇ ಆಡುತ್ತ ನಾಲಗೆ ಇಳಿಬಿಟ್ಟು ಏದುತ್ತಿದ್ದಳು. ನನಗೆ ನಗು ಬರುತ್ತಿತ್ತು. ಅಪ್ಪಯ್ಯ ಒಂದು ದಿನ ಇದನ್ನು ನೋಡಿದ. "ಇದು ಕಾಡಲ್ಲೂ ಹಿಂಗೇ ಮಾಡ್ತದೆ ಕಣೇ" ಎಂದು ಅವ್ವನಿಗೆ ಹೇಳಿ ಕಣದ ಕಡೆ ಹೋಗಿಬಿಟ್ಟ.

ಇನ್ನೊಂದು ಬೇಟೆ ಬಾಕಿ ಇತ್ತು. ನಾನು ಶಾಲೆ ಬಿಟ್ಟು ಬಂದವಳೇ ಪಡುವಣ ಗುಡ್ಡದ ನೆತ್ತಿ ನೋಡುತ್ತಿದ್ದೆ. ಒಂದು ಮಳೆ ಬಿದ್ದರೆ ಸಾಕಿತ್ತು. ಸಂಜೆ ಮೋಡ ಕಟ್ಟುತ್ತಿತ್ತು, ಗುಡುಗುತ್ತಿತ್ತು, ಮಣ್ಣಿನ ವಾಸನೆಯೂ ಎಲ್ಲಿಂದಲೋ ಬರುತ್ತಿತ್ತು. ಮಳೆ ಮಾತ್ರ ಬರಲಿಲ್ಲ.

ಘಟ್ಟದ ಕೆಳಗಿನಿಂದ ಒಣಮೀನು ತರುತ್ತಿದ್ದ ಮೊಯ್ದಿನ್ ಕಾಕ ಆ ವಾರ ಗಾಡಿ ಹೊಡೆದುಕೊಂಡು ಬಂದ. ಅಪ್ಪಯ್ಯ ಆಫೀಸಿಗೆ ಹೋಗಿದ್ದ. ಅವ್ವ ಮೀನು ಆರಿಸುತ್ತಲೇ ಕೇಳಿದಳು:

"ಕಾಕಾ, ಮೂಡಿಗೆರೆಯಲ್ಲಿ ಯಾರಿಗಾದ್ರೂ ನಾಯಿ ಬೇಕಾ?"

"ಅಂಗಡಿ ಕಾಯೋದಕ್ಕೆ ಬೇಕು ಅಂತಿದ್ರು ಒಬ್ರು. ಎಂತಕ್ಕಮ್ಮಾ? ಇಷ್ಟು ಚೆಂದದ ನಾಯಿ!"

"ಚೆಂದ ಇದೆ ಅಂತಲೇ."

ಕಾಕ ಅವ್ವನ ಮುಖ ನೋಡಿದ. "ನಾನು ಮುಟ್ಟೋದಿಲ್ಲ, ಗೊತ್ತಲ್ಲ ನಿಮಗೆ. ಗಾಡಿಗೆ ನೀವೇ ಕಟ್ಟಿ. ನೀರು, ಮೀನು ನಾನು ಕೊಡ್ತೇನೆ" ಎಂದ.

ಗೌಜಿಗೆ ಹಗ್ಗವೆಂದರೆ ಏನೆಂದೇ ಗೊತ್ತಿರಲಿಲ್ಲ. ಹೊಸ ಆಟವೆಂದುಕೊಂಡು ಗಾಡಿಯ ಹಿಂದೆ ಕುಣಿಯುತ್ತ ಹೋದಳು. ತಿರುವಿನಲ್ಲಿ ಒಮ್ಮೆ ತಿರುಗಿ ನಾನೂ ಬರುತ್ತೇನೆಂದು ಕಾದಳು. ಗಾಡಿ ಎಳೆಯಿತು.

ಊಟಕ್ಕೆ ಕೂತಾಗ ಅಪ್ಪಯ್ಯ ಮೆಟ್ಟಿಲ ಕಡೆ ನೋಡಿ ಕೇಳಿದ, "ಎಲ್ಲಿಗೆ?"

"ಮೂಡಿಗೆರೆಗೆ."

"ಗೌಡರಿಗೆ ಎಂತ ಹೇಳ್ಲಿ?"

"ಕಳೆದುಹೋಯ್ತು ಅನ್ನಿ. ಉಪ್ಪುಕಂಡ ಇಲ್ಲದಿದ್ರೆ ಮಳೆಗಾಲಕ್ಕೆ ಕೆಸುವಿನ ಸೊಪ್ಪು ತಿಂದ್ರಾಯ್ತು."

"ಕಳೆದುಹೋಗೋ ನಾಯಿಯಾ ಅದು?" ಎಂದ ಅಪ್ಪಯ್ಯ. ಬೈಯಲಿಲ್ಲ. ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದ.

ಬೇಟೆಯ ಬೆಳಗ್ಗೆ ಜನವೆಲ್ಲ ನಮ್ಮ ಮನೆಯ ಮುಂದಿನ ಕಣದಲ್ಲೇ ಸೇರುತ್ತಿದ್ದರು. ಗೌಡರು ಕೋವಿ ಹೆಗಲಿಗೆ ಹಾಕಿಕೊಂಡು ಬಂದು ಸುತ್ತ ನೋಡಿದರು. "ಮೇಸ್ತ್ರಿ, ನಿನ್ನ ನಾಯಿ?"

"ಎರಡು ದಿನದಿಂದ ಕಾಣ್ತಿಲ್ಲ ಗೌಡ್ರೇ."

ಅಪ್ಪಯ್ಯನ ಹಳೆಯ ಜೊತೆಗಾರ ಸಿದ್ದಣ್ಣ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಕೂತಿದ್ದ. "ಎಲ್ಲಿ ಕಾಣ್ತದೆ! ಮೇಸ್ತ್ರಿ ಮನೆಯಲ್ಲಿ ನಾಯಿಗೂ ಬಾಣಂತಿ ಕೋಣೆ ಆಗಿದೆ. ಎಣ್ಣೆನೀರು ಆಗ್ತಿರಬೇಕು ಮಾರಾಯ!" ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟತನವಿರಲಿಲ್ಲ, ದಿನಾ ಆಡಿಕೊಳ್ಳುವ ಮಾತೇ. ಆದರೆ ಅಪ್ಪಯ್ಯನ ಕಿವಿ ಕೆಂಪಾಯಿತು. ಬಾಗಿಲ ಪಕ್ಕದ ಕತ್ತಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ.

"ನಾನು ಬರ್ತೇನೆ. ಹಳು ನುಗ್ಗೋದಕ್ಕೆ."

"ಕಾಲು ನೋಡ್ಕೊ ಮೇಸ್ತ್ರಿ" ಎಂದರು ಗೌಡರು. "ಹಂದಿ ತಿರುಗಿ ಬಿದ್ರೆ ಓಡ್ಲಿಕ್ಕೆ ಆಗ್ತದಾ? ಒಂದು ತುಂಡು ನಿಮ್ಮನೆಗೂ ಕಳಿಸ್ತೇನೆ ಬಿಡು."

"ಬಿಟ್ಟಿ ತುಂಡು ಬೇಡ ಗೌಡ್ರೇ. ನಮ್ಮನೆದು ಪಾಲು."

ಯಾರೂ ನಗಲಿಲ್ಲ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಪ್ಪಯ್ಯ ಕೋಲೂರಿ ಕಣದ ಅಂಚಿನ ತನಕ ಹೋಗಿದ್ದ. ಆಗ ಗಾಡಿ ದಾರಿಯ ಕಡೆಯಿಂದ ಧೂಳು ಎದ್ದದ್ದು ಕಾಣಿಸಿತು.

ಗೌಜಿ. ಕುತ್ತಿಗೆಯಲ್ಲಿ ಕಡಿದ ಹಗ್ಗದ ತುಂಡು, ಮೈಯೆಲ್ಲ ಕೆಂಪು ಧೂಳು, ಒಂದು ಪಾದ ಒಡೆದು ರಕ್ತ. ಕಣದ ಮಧ್ಯದಲ್ಲೇ ಹಾದು ಬಂದು ಅಪ್ಪಯ್ಯನ ಎದೆಗೆ ಹಾರಿದಳು, ಅಲ್ಲಿಂದ ನನ್ನ ಮೇಲೆ, ಅಲ್ಲಿಂದ ಅವ್ವನ ಮೇಲೆ. ಸಂತೋಷ ತಡೆಯಲಾರದೆ ಸಿದ್ದಣ್ಣನ ಮುಖವನ್ನೂ ನೆಕ್ಕಿದಳು. ಜನ ಹೋ ಎಂದರು. "ಬಂತಲ್ಲ ಮೇಸ್ತ್ರಿ ನಿನ್ನ ನಾಯಿ! ಬೇಟೆ ದಿನ ಅಂತ ಅದಕ್ಕೆ ಹೇಳಿದ್ದು ಯಾರು ಮಾರಾಯ!" ಎಂದರು ಗೌಡರು.

ಅವ್ವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಗಂಡ ಉಳಿದನೆಂದೋ, ಇನ್ನು ನಾಯಿ ಉಳಿಯದೆಂದೋ, ಅವಳು ಸಾಯುವ ತನಕ ನಾನು ಕೇಳಲಿಲ್ಲ.

ಅಪ್ಪಯ್ಯ ಕತ್ತಿ ತೆಗೆದು ಗೌಜಿಯ ಕುತ್ತಿಗೆಯ ಹಗ್ಗ ಕೊಯ್ದ. ಅವಳ ಒಡೆದ ಪಾದವನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ಬಿಟ್ಟ. ಅವಳು ಎಲ್ಲರಿಗಿಂತ ಮುಂದೆ ಓಡಿದಳು.

ಸಂಜೆ ಪಾಲು ತಂದವನು ಸಿದ್ದಣ್ಣ. ಬಾಳೆಯೆಲೆಯ ಕಟ್ಟು ಎಂದಿಗಿಂತ ದೊಡ್ಡದಿತ್ತು. ಮೆಟ್ಟಿಲ ಮೇಲೆ ಇಟ್ಟು, "ನಾಯಿ ಪಾಲು, ಮೇಸ್ತ್ರಿ" ಎಂದ.

"ನಾಯಿ?" ಅಪ್ಪಯ್ಯ ಕೇಳಿದ.

"ಮುಂದೆಯೂ ಅದೇ, ಹಿಂದೆಯೂ ಅದೇ. ಒಬ್ಬಂಟಿಯಾಗಿ ಹಂದಿಯನ್ನ ಸುತ್ತುತಾ ಇತ್ತು ಮಾರಾಯ. ಅದು ಅಡ್ಡ ಇದ್ದಿದ್ದಕ್ಕೆ ಗೌಡರಿಗೆ ಈಡು ಬಿಡ್ಲಿಕ್ಕೆ ಆಗ್ಲಿಲ್ಲ. ಸುತ್ತಿ ಬರೋವಾಗ ಪಕ್ಕೆಗೆ ಕೋರೆ..." ಸಿದ್ದಣ್ಣ ಟವೆಲಿನಲ್ಲಿ ಮುಖ ಒರೆಸಿಕೊಂಡ. ಬೆಳಗ್ಗೆ ಅವಳು ನೆಕ್ಕಿದ ಮುಖ. "ಅಲ್ಲೇ ಮಣ್ಣು ಮಾಡಿದ್ವಿ" ಎಂದ.

ಅವ್ವ ಕಟ್ಟನ್ನು ಒಳಗೆ ಒಯ್ದಳು. ಕೆಂಡ ಮಾಡಿದಳು. ಮೊದಲ ತುಂಡು ಸುಟ್ಟು, ಆರಿಸಿ, ಎಂದಿನಂತೆ ಮೆಟ್ಟಿಲ ಮೇಲೆ ಇಟ್ಟು ಬಂದಳು. ಮರೆತು ಇಟ್ಟಳೋ, ಬೇಕೆಂದೇ ಇಟ್ಟಳೋ. ನಾವು ಮೂವರೂ ಉಂಡೆವು. ಹಸಿವಾಗಿತ್ತು, ಉಂಡೆವು. ಬೆಳಗ್ಗೆ ಆ ತುಂಡಿಗೆ ಇರುವೆ ಮುತ್ತಿತ್ತು.

ನಾಲ್ಕಾರು ದಿನಕ್ಕೆ ಹೂಮಳೆ ಬಿತ್ತು. ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಯಿತು. ಆ ವಾಸನೆಯ ನಡುವೆ ಮೊಯ್ದಿನ್ ಕಾಕನ ಗಾಡಿ ಬಂದು ನಿಂತಿತು. ಇಳಿಯುವ ಮೊದಲೇ ಹೇಳತೊಡಗಿದ: "ತಪ್ಪು ತಿಳೀಬೇಡಿ ಅಮ್ಮಾ. ಕಟ್ಟಿದ ಹಗ್ಗ ಕಡಿದು ಹೋಯ್ತಂತೆ ನಿಮ್ಮ ನಾಯಿ. ದಾರಿಯಲ್ಲೆಲ್ಲ ಕೇಳಿಕೊಂಡೇ ಬಂದೆ."

ಅವ್ವ ಮೊರ ಒಡ್ಡಿ ಮೀನು ಹಾಕಿಸಿಕೊಳ್ಳುತ್ತ, "ಬಂತು ಕಾಕಾ. ಮನೆಗೇ ಬಂತು" ಎಂದಳು.

"ಬಂತಾ! ಜಾಣೆ! ನನಗೆ ಅದೇ ಚಿಂತೆ ಹತ್ತಿತ್ತು." ಅವನ ಮುಖ ಅರಳಿತು. ಒಂದು ಬೊಗಸೆ ಸೀಗಡಿ ಹೆಚ್ಚಿಗೆ ಹಾಕಿ, "ಇದು ಅದಕ್ಕೆ" ಎಂದ. ಅವ್ವ ತೆಗೆದುಕೊಂಡಳು.

ಮರುವರ್ಷ ನಮ್ಮಲ್ಲಿ ನಾಯಿ ಇರಲಿಲ್ಲ. ಬೇಟೆಯ ಜನ ಕಣದಲ್ಲಿ ಸೇರಿದಾಗ ಅಪ್ಪಯ್ಯ ಹಿತ್ತಲಿಗೆ ಹೋಗಿ ಸೌದೆ ಒಡೆಯುತ್ತಿದ್ದ. ಗೌಡರು ಹೇಳಿದಂತೆ ಒಂದು ತುಂಡು ಕಳಿಸಿದರು. ಅದನ್ನು ಯಾರೂ ಪಾಲು ಎನ್ನಲಿಲ್ಲ. ಅಪ್ಪಯ್ಯ ಅದನ್ನು ತಿನ್ನಲೂ ಇಲ್ಲ, ಬೇಡವೆನ್ನುವ ಗಟ್ಟಿತನವೂ ಅವನಲ್ಲಿ ಉಳಿದಿರಲಿಲ್ಲ.

ಈಗ ಬೇಟೆಯೇ ಅಪರಾಧ. ಆಗಬೇಕಾದದ್ದೇ. ಆ ಕಣದಲ್ಲಿ ಅಂದು ನಕ್ಕವರಲ್ಲಿ ಯಾರೂ ಉಳಿದಿಲ್ಲ. ನಮ್ಮ ಮನೆಯಲ್ಲೂ ನಾಯಿ ಇದೆ, ಮಕ್ಕಳು ತಂದದ್ದು. ಹಗಲೆಲ್ಲ ಸರಪಳಿಯಲ್ಲಿರುತ್ತದೆ. ಬಾಗಿಲು ತೆಗೆದರೆ ಕಣ್ಣು ಮಾತ್ರ ತೆಗೆಯುತ್ತದೆ. ನನ್ನ ಸೀರೆಯ ಮೇಲೆ ಯಾರ ಪಾದವೂ ಬೀಳುವುದಿಲ್ಲ. ಕೆಲವು ಸಲ ತೋಟದ ಏರು ಹತ್ತುವಾಗ ಬೇಲಿಯ ಮುಳ್ಳು ಸೀರೆಯ ಅಂಚು ಹಿಡಿದು ಹಿಂದಕ್ಕೆ ಜಗ್ಗುತ್ತದೆ. ಈ ವಯಸ್ಸಿನಲ್ಲೂ ನಾನು ಮೊದಲು ನೋಡುವುದು ಮುಂದಕ್ಕೆ, ಅಡ್ಡ ನಿಂತು ಬೊಗಳುವವನು ಎಲ್ಲಿ ಎಂದು. ದಾರಿ ಬರಿದಾಗಿರುತ್ತದೆ. ಮುಳ್ಳು ಬಿಡಿಸಿಕೊಂಡು ಹತ್ತುತ್ತೇನೆ.