ಹಗಲು ಹೊತ್ತಿನ ಸಮುದ್ರ

ಸಮುದ್ರವನ್ನು ನಾನು ಮೂರು ಸಲ ಕೇಳಿದ್ದೆ, ಒಂದು ಸಲವೂ ನೋಡಿರಲಿಲ್ಲ. ನಂಬುವುದಕ್ಕೆ ಕಷ್ಟವಾದರೆ ನಮ್ಮ ಅತ್ತೆಯ ಜೊತೆ ಒಮ್ಮೆ ಘಟ್ಟ ಇಳಿದು ನೋಡಿ. ಬೆಳಗಿನ ಜಾವ ಪಂಚನಹಳ್ಳಿ ಬಿಟ್ಟು, ಕಡೂರು ದಾಟಿ, ಚಾರ್ಮಾಡಿ ಇಳಿದರೆ ಅಲ್ಲಿಂದ ಶುರು. ಒಂದು ದೇವಸ್ಥಾನದ ಸಾಲಿನಲ್ಲಿ ನಿಂತು, ಪ್ರಸಾದದ ಊಟ ಮುಗಿಸಿ, ಗಾಡಿ ಹತ್ತಿ ಇನ್ನೊಂದು ದೇವಸ್ಥಾನದ ಸಾಲು. ಎಲ್ಲ ಮುಗಿದು ಕಡಲ ದಂಡೆಗೆ ಬಂದು ನಿಲ್ಲುವಷ್ಟರಲ್ಲಿ ಕತ್ತಲೆ. ಎದುರಿಗೆ ಕರಿ ಕಂಬಳಿ ಹೊದ್ದು ಮಲಗಿದಂತೆ ಏನೋ ಒಂದು, ಅದರೊಳಗಿಂದ ಭೋರ್ ಎನ್ನುವ ಸದ್ದು. "ನೋಡಿದ್ಯಲ್ಲ, ನಡಿ ಇನ್ನ," ಎನ್ನುತ್ತಿದ್ದರು ಅತ್ತೆ. ಸೊಸೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಮೂರು ಸಲ ಹೀಗೆ 'ನೋಡಿ' ಬಂದೆ.

ಹಾಗಾಗಿ ನನ್ನ ಆಸೆ ದೊಡ್ಡದೇನೂ ಆಗಿರಲಿಲ್ಲ. ಎರಡು ದಿನ, ಹಗಲು ಹೊತ್ತಿನಲ್ಲಿ, ಯಾರಿಗೂ ಬಡಿಸದೆ, ಯಾವ ಸಾಲಿನಲ್ಲೂ ನಿಲ್ಲದೆ, ಸಮುದ್ರದ ಮುಂದೆ ಸುಮ್ಮನೆ ಕೂತಿರಬೇಕು. ಅಷ್ಟೇ.

ಮಲ್ಪೆಯಲ್ಲಿ ಒಂದು ರೂಮು ಇದೆ, ಕಿಟಕಿ ತೆಗೆದರೆ ಸಮುದ್ರ ಕಾಣುತ್ತದೆ ಎಂದು ಫೋನು ತೋರಿಸಿತು. ಫೋಟೊವನ್ನು ನಮ್ಮ ಯಜಮಾನರ ಮೂಗಿನ ಮುಂದೆ ಹಿಡಿದೆ. ನೀಲಿ ನೀರು, ಬಿಳಿ ಮರಳು, ನೀರಿನ ಮೇಲೆ ಬಾಗಿದ ಒಂದು ತೆಂಗಿನಮರ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಈ ಮರಕ್ಕೆ ನುಸಿ ಬಿದ್ದೈತೆ ಕಣೇ."

"ಮರ ಅಲ್ಲಾರೀ, ಸಮುದ್ರ ನೋಡಿ."

"ಔಷಧಿ ಹೊಡ್ದಿಲ್ಲ ಪುಣ್ಯಾತ್ಮರು. ಇಷ್ಟ್ ನೀರಿಟ್ಕಂಡು ಮರಾನ ಹಿಂಗ್ ಕೆಡ್ಸಿದಾರಲ್ಲ!"

ತೆಂಗಿನ ತೋಟದವನನ್ನು ಕಟ್ಟಿಕೊಂಡವಳು ಕರಾವಳಿಯ ಫೋಟೊ ತೋರಿಸಬಾರದು ಎಂಬುದು ಆವತ್ತು ಗೊತ್ತಾಯಿತು. ಆದರೂ ಅವರು ಒಪ್ಪಿದರು. ಬೋರಿನ ಮೋಟರನ್ನು ಈಗ ಮೊಬೈಲಿನಿಂದಲೇ ಆನ್ ಮಾಡಬಹುದು, ಅದನ್ನು ಮಲ್ಪೆಯಿಂದ ಮಾಡಿ ನೋಡಬೇಕೆಂಬ ಚಪಲ ಅವರಿಗೆ. ರೂಮು ಬುಕ್ ಆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಅತ್ತೆಯನ್ನು ಕೇಳುವುದು ಬಾಕಿ ಇತ್ತು.

ಅತ್ತೆ ಅವರೇಕಾಯಿ ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಸುಮ್ನೆ ಕೂರಕ್ಕೆ ಅಷ್ಟು ದೂರ ಯಾಕವ್ವಾ? ಜಗಲಿ ಇಲ್ವಾ? ಗಾಳಿ ಬೇಕಂದ್ರೆ ಕೆಮ್ಮಣ್ಣುಗುಂಡಿ ಐತೆ."

"ಸಮುದ್ರ ಅತ್ತೆ. ಕೆಮ್ಮಣ್ಣುಗುಂಡೀಲಿ ಸಮುದ್ರ ಇಲ್ಲ."

"ಸರಿ ಹೋಗಾನ. ನಾನೂ ಬತ್ತೀನಿ. ಘಟ್ಟ ಇಳಿದ ಮೇಲೆ ಧರ್ಮಸ್ಥಳ ಬಿಟ್ಟು ಹೋಗಕಾಯ್ತದಾ? ದೇವ್ರ ಬಾಗ್ಲಾಗೆ ಹೋಗಿ ಮುಖ ತಿರುಗಿಸ್ಕಂಡು ಹೋದ್ರು ಅಂತಾರೆ."

ಧರ್ಮಸ್ಥಳ ಒಂದೇ ಆದರೆ ಚಿಂತೆಯಿರಲಿಲ್ಲ. ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ನಾನು ಹೂಂ ಅಂದೆ. ನಾನು ಎಡವಿದ್ದು ಅಲ್ಲೇ. ಮರುದಿನ ಬೆಳಗಾಗುವಷ್ಟರಲ್ಲಿ 'ಅವರ ಮನೆಯವರು ಧರ್ಮಸ್ಥಳಕ್ಕೆ ಹೋಗ್ತಾರಂತೆ' ಎಂಬ ಸುದ್ದಿ ಊರೆಲ್ಲ ಹಬ್ಬಿ, ಮುಡಿಪುಗಳು ಬರತೊಡಗಿದವು.

ನಮ್ಮ ಕಡೆ ಮಗುವಿಗೆ ಜ್ವರ ಬಂದರೆ, ಹಸು ಕಳೆದುಹೋದರೆ, ಬೋರಿನಲ್ಲಿ ನೀರು ನಿಂತರೆ, ದೇವರನ್ನು ನೆನೆದು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಇಡುತ್ತಾರೆ. ಅದೇ ಮುಡಿಪು. ಕಟ್ಟಿದವರೇ ಹೋಗಿ ಹುಂಡಿಗೆ ಹಾಕಬೇಕೆಂದೇನಿಲ್ಲ, ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಸಾಕು. ಕೊಡಲು ಬಂದವರಿಗೆ ಬೇಡ ಎನ್ನುವ ಹಾಗಿಲ್ಲ. ಇಸಿದುಕೊಂಡ ಮೇಲೆ ಮುಟ್ಟಿಸದೆ ಇರುವ ಹಾಗೂ ಇಲ್ಲ, ಯಾರದೋ ಹರಕೆ ನಮ್ಮ ಕುತ್ತಿಗೆಗೆ ಬೀಳುತ್ತದೆ.

ಮೊದಲು ಹಿಂದಿನ ಬೀದಿಯಿಂದ ಬಂತು. ಆಮೇಲೆ ಚೌಳಹಿರಿಯೂರಿನ ನಾದಿನಿ ಬಸ್ಸಿನವರ ಕೈಲಿ ಕಳಿಸಿದಳು. ಅಜ್ಜಂಪುರದ ನನ್ನ ತವರಿನವರೂ ಬಿಡಲಿಲ್ಲ. ಅವರದು ಹೊರನಾಡಿಗೆ. ತರೀಕೆರೆಯ ನನ್ನ ಸ್ವಂತ ಅಕ್ಕ ಫೋನು ಮಾಡಿ, "ಕೊಲ್ಲೂರಿಗೆ ಒಂದೈತೆ ಕಣೇ, ನಿಂಗೆ ದಾರೀಲೇ ಆಯ್ತದೆ," ಅಂದಳು. ಯಾವ ದಾರಿ ತಾಯಿ? ಕೊಲ್ಲೂರಿಗೆ ಮಲ್ಪೆ ದಾಟಿ ಇನ್ನೂ ಮುಂದಕ್ಕೆ ಹೋಗಬೇಕು. ಹೊರನಾಡಿಗೆ ಘಟ್ಟ ಇಳಿಯುವುದಕ್ಕೆ ಮೊದಲೇ ಬೇರೆ ಕಡೆ ತಿರುಗಬೇಕು. ಇದು ಸಾಲದೆಂದು ಅತ್ತೆಯೇ, "ವಾಪಸ್ ಬರೋವಾಗ ಆಗುಂಬೆ ಹತ್ತಿದ್ರೆ ಶೃಂಗೇರಿ," ಎಂದು ಸೇರಿಸಿದರು. ಹನುಮಂತನ ಬಾಲದ ಹಾಗೆ ಬೆಳೆಯಿತು ನನ್ನ ಎರಡು ದಿನದ ರಜೆ. ದೇವರ ಗೂಡಿನಲ್ಲಿ ಹಳದಿ ಗಂಟುಗಳು ಒಂದರ ಮೇಲೊಂದು ಕೂತು ನನ್ನನ್ನೇ ನೋಡಿ ನಗುತ್ತಿದ್ದಂತಿದ್ದವು.

ಈ ಮೆರವಣಿಗೆಯನ್ನೆಲ್ಲ ಎದುರುಮನೆಯ ಜಗಲಿಯಿಂದ ಒಬ್ಬರು ಬಹಳ ಖುಷಿಯಿಂದ ನೋಡುತ್ತಿದ್ದರು. ಅವರು ನಮ್ಮ ದೊಡ್ಡಮಾವ. ನಮ್ಮ ಮಾವನವರ ದೊಡ್ಡಪ್ಪನ ಮಗ, ಒಂದೇ ವಂಶದ ದಾಯಾದಿ. ಮಾವನವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು, ಈ ಅಣ್ಣ ಮಾತ್ರ ಗಟ್ಟಿ ಕುಳ. ಬಾಯಲ್ಲಿ ಹಲ್ಲು ಒಂದೂ ಇರಲಿಲ್ಲ, ಕುಚೇಷ್ಟೆ ಬೇಕಾದಷ್ಟಿತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಊಟ ನಮ್ಮ ಮನೆಯಿಂದ. ಮುದ್ದೆ ತೆಗೆದುಕೊಂಡು ಹೋದಾಗಲೆಲ್ಲ ವಿಚಾರಣೆ.

"ಇವತ್ತು ಎಷ್ಟು ದೇವ್ರು ಸೇರ್ಕಂಡ್ವು ಕಣವ್ವಾ?"

"ನಗಬೇಡಿ ಮಾವ. ನಂಗೆ ಅಳು ಬರ್ತೈತೆ."

"ಎಲ್ಲಾ ದೇವ್ರನ್ನೂ ಮುಗಿಸ್ಕಂಡು ಹೋಗ ಹೊತ್ತಿಗೆ ಸಮುದ್ರಾನೂ ಬಾಗ್ಲು ಹಾಕಿರ್ತದೆ."

"ನೀವಾದ್ರೂ ಅತ್ತೆಗೆ ಒಂದು ಮಾತು ಹೇಳಬಾರದಾ?"

ಅವರು ಬೊಚ್ಚುಬಾಯಿ ತೆರೆದು ನಕ್ಕರು. "ನಿಮ್ಮತ್ತೇನ ದೇವಸ್ಥಾನದ ದಾರಿ ತಪ್ಸೋಕೆ ನನ್ ಕೈಲಾಗಲ್ಲ. ಅದಕ್ಕೆ ಆ ಯಮನೇ ಬರ್ಬೇಕು."

ಹೊರಡಲು ಐದಾರು ದಿನ ಇತ್ತು. ಒಂದು ಮಧ್ಯಾಹ್ನ ಅವರೇಕಾಳಿನ ಸಾರಿನಲ್ಲಿ ಮುದ್ದೆ ಉಂಡು, ಜಗಲಿಯ ಕಂಬಕ್ಕೆ ಒರಗಿದ ದೊಡ್ಡಮಾವ ಹಾಗೇ ಹೊರಟುಹೋದರು. ತಟ್ಟೆ ತೊಳೆಯಲು ಹೋದವಳು ನಾನು. ಸುಮ್ಮನೆ ಕಣ್ಣು ಮುಚ್ಚಿದ್ದಾರೆ, ಈಗ ಏನಾದರೂ ಅಂದು ಕಾಲೆಳೆಯುತ್ತಾರೆ ಎಂದೇ ಒಂದು ಗಳಿಗೆ ನಿಂತಿದ್ದೆ. ಆಮೇಲೆ ಅತ್ತುಬಿಟ್ಟೆ. ನನ್ನ ಅಪ್ಪ ಹೋದಾಗ ಅತ್ತಷ್ಟೇ.

ತೋಟದಲ್ಲಿ ಮಣ್ಣು ಮಾಡಿದೆವು. ದಾಯಾದಿಗಳಾದ್ದರಿಂದ ಹನ್ನೊಂದು ದಿನ ನಮಗೆ ಸೂತಕ. ದೇವರ ದೀಪ ಹಚ್ಚುವ ಹಾಗಿಲ್ಲ, ದೇವಸ್ಥಾನದ ಮೆಟ್ಟಿಲು ತುಳಿಯುವ ಹಾಗಿಲ್ಲ, ದೇವರಿಗೆ ಕೈ ಮುಗಿಯುವ ಹಾಗೂ ಇಲ್ಲ. ಗೂಡಿನಲ್ಲಿದ್ದ ಮುಡಿಪುಗಳನ್ನು ನಾವು ಮುಟ್ಟಿದರೆ ಅವೂ ಮೈಲಿಗೆ. ಕೊನೆಗೆ ಬೇರೆ ವಂಶದವರಾದ ಹಿಂದಿನ ಬೀದಿಯವರೇ ಸ್ನಾನ ಮಾಡಿ ಬಂದು, ಸೆರಗಿನಲ್ಲಿ ಎಲ್ಲ ಗಂಟುಗಳನ್ನೂ ತುಂಬಿಕೊಂಡು ಹೋದರು. ಮುಂದೆ ಯಾರು ಘಟ್ಟ ಇಳಿಯುತ್ತಾರೋ ಅವರ ಹಣೆಬರಹ.

ಮೂರನೆಯ ದಿನದ ಹಾಲುತುಪ್ಪ ಮುಗಿಯಿತು. ಯಜಮಾನರು ಫೋನು ಕೈಗೆತ್ತಿಕೊಂಡರು.

"ರೂಮ್ ಬೇಡ ಅಂತ ಹೇಳ್ಬಿಡ್ಲಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಆಗ ಒಳಗಿಂದ ಅತ್ತೆಯ ದನಿ ಬಂತು.

"ಯಾಕೋ ಬೇಡ ಅಂತೀಯಾ?"

"ಸೂತಕ ಅಲ್ವೇನವ್ವಾ?"

"ಸೂತಕ ಇರೋದು ದೇವಸ್ಥಾನಕ್ಕೆ. ಸಮುದ್ರಕ್ಕೆ ಎಂಥ ಸೂತಕನೋ? ಊರೂರಿನ ಮೈಲಿಗೆ ಎಲ್ಲಾ ಹೊಳೆಗೆ ಹೋಗ್ತದೆ, ಹೊಳೆ ಎಲ್ಲಿಗೆ ಹೋಗ್ತದೆ? ಕೊಟ್ಟಿರೋ ದುಡ್ಡು ಬಿಡಕಾಯ್ತದಾ? ತಿಥಿಗೆ ಮುಂಚೆ ವಾಪಸ್ ಬಂದ್ರಾಯ್ತು."

ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ವಂಶದಲ್ಲಿ ಈಗ ಅತ್ತೆಯೇ ಹಿರಿಯರು, ಅವರ ಮಾತಿಗೆ ಎದುರಿಲ್ಲ. ಸೂತಕದಲ್ಲಿ ಪ್ರವಾಸವೇ ಎಂದು ಕೇಳಲು ಬಂದ ಬೀದಿಯವರಿಗೂ ಅತ್ತೆ, "ದೇವಸ್ಥಾನದ ಹತ್ರಕ್ಕೂ ಹೋಗಲ್ಲ ಕಣ್ರವ್ವಾ, ಆಣೆ," ಎಂದು ಬಹಳ ಮಡಿವಂತಿಕೆಯಿಂದ ಹೇಳಿ ಕಳಿಸಿದರು. ಕೇಳಲು ಬಂದವರಿಗೆ ಇದರಲ್ಲಿ ತಪ್ಪು ಎಲ್ಲಿದೆ ಎಂದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಹೊರಟ ದಿನ ಚಾರ್ಮಾಡಿ ಇಳಿದು ಉಜಿರೆಗೆ ಬಂದಾಗ ಅತ್ತೆಯ ಕೈ ತಾನಾಗಿ ಮೇಲೆದ್ದು, ಅರ್ಧಕ್ಕೆ ನಿಂತು, ಕೆಳಗಿಳಿಯಿತು. ಧರ್ಮಸ್ಥಳಕ್ಕೆ ತಿರುಗುವ ದಾರಿ ಹಿಂದೆ ಉಳಿಯುವತನಕ ಅವರು ಕಿಟಕಿಯ ಆ ಕಡೆ ನೋಡಲೇ ಇಲ್ಲ. ಪಾಪ ಅನಿಸಿತು. ಉಪವಾಸವಿದ್ದವರನ್ನು ಮದುವೆ ಮನೆಯ ಮುಂದೆ ಕರೆದುಕೊಂಡು ಹೋದಂತಾಗಿತ್ತು.

ಮಲ್ಪೆ ತಲುಪಿದಾಗ ಇನ್ನೂ ಮಧ್ಯಾಹ್ನ. ಬಿಸಿಲು ಚುರುಗುಡುತ್ತಿತ್ತು. ಗಾಡಿಯಿಂದ ಇಳಿದವಳು ಚಪ್ಪಲಿ ಅಲ್ಲೇ ಬಿಟ್ಟು ನಡೆದೆ. ಸಮುದ್ರ ಇತ್ತು. ಬಾಗಿಲು ಹಾಕಿರಲಿಲ್ಲ. ಎಷ್ಟು ನೀರು, ಎಷ್ಟು ಬೆಳಕು! ಕತ್ತಲಲ್ಲಿ ಮೂರು ಸಲ ಕೇಳಿದ್ದ ಆ ಭೋರ್ ಎನ್ನುವ ಸದ್ದಿಗೆ ಒಂದು ಬಿಳಿ ನೊರೆಯ ಅಂಚು ಇದೆಯೆಂದು ಈಗ ಗೊತ್ತಾಯಿತು. ನನಗೆ ಬಹಳ ಸಂತೋಷವಾಯಿತು. ಹಿಂದೆಯೇ, ಮುದ್ದೆ ತೆಗೆದುಕೊಂಡು ಹೋಗಿ ಇದನ್ನೆಲ್ಲ ವರದಿ ಒಪ್ಪಿಸಲು ಎದುರುಮನೆಯ ಜಗಲಿಯಲ್ಲಿ ಯಾರೂ ಇಲ್ಲ ಎಂಬುದು ನೆನಪಾಯಿತು.

ಯಜಮಾನರು ದೂರದಲ್ಲಿ ಒಂದು ತೆಂಗಿನಮರದ ಸುಳಿಯನ್ನು ತಲೆಯೆತ್ತಿ ಪರೀಕ್ಷಿಸುತ್ತಿದ್ದರು. ಅತ್ತೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ನೀರಿಗಿಳಿದರು. ಅಲೆ ಬಂದು ಕಾಲು ತೊಳೆದಾಗ "ಅಯ್ಯಯ್ಯೋ" ಎಂದು ನನ್ನ ತೋಳು ಹಿಡಿದುಕೊಂಡರು, ಬಿಡಲಿಲ್ಲ.

"ಭಾವ ಹೇಳಿದ್ರು ಕಣೇ," ಅಂದರು ಅಲೆ ಹಿಂದಕ್ಕೆ ಸರಿದ ಮೇಲೆ. "ತೀರ್ಕಳೋ ಹಿಂದಿನ ದಿನ. ನಿನ್ ಸೊಸೆಗೆ ಒಂದ್ಸಲ ಹಗಲು ಹೊತ್ತು ಸಮುದ್ರ ತೋರ್ಸಮ್ಮ ಅಂತ. ದೇವ್ರ ಕಾರ್ಯದಾಗೆ ನೀವು ಬಾಯಿ ಹಾಕ್ಬೇಡಿ ಅಂತ ಬೈದ್ಬಿಟ್ಟೆ."

ಯಮನ ಕೆಲಸವನ್ನು ತಾವೇ ವಹಿಸಿಕೊಂಡುಬಿಟ್ಟರಲ್ಲ ಮಾವ ಎಂದುಕೊಂಡೆ.

ಇನ್ನೊಂದು ಅಲೆ ಬಂತು. ಅತ್ತೆ ಈ ಸಲ ನಕ್ಕರು.

"ಭಾವಂದು ಬರೀ ಹನ್ನೊಂದು ದಿನ. ನಂದಾದ್ರೆ ನಿಂಗೆ ವರ್ಷಪೂರ್ತಿ ಕಣೇ. ಒಂದು ವರ್ಷ ಯಾವ ದೇವಸ್ಥಾನಾನೂ ಇಲ್ಲ, ಯಾರ ಮುಡಿಪೂ ಇಲ್ಲ. ಆಗ ಬಾ. ಎಷ್ಟ್ ಬೇಕೋ ಅಷ್ಟ್ ಸಮುದ್ರ ನೋಡು."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಸಾಲಿನಲ್ಲಿ ನಿಲ್ಲಿಸಿದ್ದಕ್ಕೂ ಬರದಷ್ಟು ಸಿಟ್ಟು.

"ಸುಮ್ನಿರಿ ಅತ್ತೆ. ಸೂತಕ ಕಳೀಲಿ. ಆ ಮುಡಿಪು ಎಲ್ಲಾ ವಾಪಸ್ ಇಸ್ಕೊಂಡು ಬರ್ತೀನಿ. ಧರ್ಮಸ್ಥಳ, ಹೊರನಾಡು, ಕೊಲ್ಲೂರು, ಶೃಂಗೇರಿ, ಒಂದೂ ಬಿಡದೆ ನೀವೂ ನಾನೂ ಹೋಗೋಣ."

"ಇಲ್ಲಿಗೆ ಬರೋ ಹೊತ್ತಿಗೆ ಕತ್ಲಾಗ್ತದಲ್ಲೇ?"

"ಆಗ್ಲಿ ಬಿಡಿ," ಅಂದೆ. "ಸದ್ದು ಕೇಳ್ತದಲ್ಲ."