ಗಾಡಿ ಯಾರು ನಡೆಸುತ್ತಿದ್ದರು?

ಇವತ್ತು ಬೆಳಿಗ್ಗೆ ನಾಗಪುರದ ಹತ್ತಿರದ ಕನ್ಹಾನಿಗೆ ಹೊರಡುವ ಮುಂಚೆ ಕಾರಿನ ಕಾಲೊರಸುಗಳನ್ನು ಹೊರಗೆಳೆದು ಗೇಟಿಗೆ ಬಡಿದೆ. ಕಾರಿಗೆ ಸಂಬಂಧಪಟ್ಟಂತೆ ಮನೆಯಲ್ಲಿ ನನಗೆ ಉಳಿದಿರುವ ಹುದ್ದೆ ಇದೊಂದೇ. ಧೂಳು, ಶೇಂಗಾ ಸಿಪ್ಪೆ, ಯಾವುದೋ ಔಷಧಿಯ ಚೀಟಿ ಉದುರಿದವು. ಅವುಗಳ ಜೊತೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕೇಸರಿ ಬಣ್ಣದ ಪ್ಲಾಸ್ಟಿಕ್ ಚೂರೊಂದು ಬಿತ್ತು. ಬಿಸಿಲಿಗೆ ಹಿಡಿದು ನೋಡಿದೆ. ಇಂಡಿಕೇಟರ್ ದೀಪದ ಚೂರು. ನಮ್ಮ ಕಾರಿನದಲ್ಲ, ಎರಡು ವರ್ಷದ ಹಿಂದೆ ಇತವಾರಿ ಪೇಟೆಯಲ್ಲಿ ನಮಗೆ ಗುದ್ದಿದ ಟೆಂಪೋದ್ದು. ಗ್ಯಾರೇಜಿನವರು ಅಷ್ಟೆಲ್ಲ ಗುಡಿಸಿ ಕೊಟ್ಟಿದ್ದರೂ ಇದೊಂದು ಎಲ್ಲಿಯೋ ಸಂದಿಯಲ್ಲಿ ಕುಳಿತುಕೊಂಡಿತ್ತು.

ಇತವಾರಿಯಲ್ಲಿ ಗುದ್ದಿಸಿಕೊಳ್ಳದವರು ನಾಗಪುರದಲ್ಲಿ ಯಾರಿದ್ದಾರೆ, ಇದನ್ನೇನು ಬರೆಯುತ್ತೀರಿ ಎಂದು ನೀವು ಕೇಳಬಹುದು. ನಿಜ. ಕಾಳಿನ ಚೀಲ, ಬಟ್ಟೆಯ ಗಂಟು, ಕಬ್ಬಿಣದ ಸಾಮಾನು ಹೊತ್ತ ಕೈಗಾಡಿಗಳ ನಡುವೆ ಕಾರು ಒಯ್ಯುವವರು ಗೀರಿಲ್ಲದೆ ಮರಳಿದರೆ ಅದೇ ಸುದ್ದಿ. ಆದರೆ ಆ ಗುದ್ದಿನಲ್ಲಿ ಜಜ್ಜಿಹೋದದ್ದು ಬರೀ ಕಾರಿನ ಬಾಗಿಲಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಬ್ಯಾಂಕಿನಲ್ಲಿದ್ದವನು. ಗದಗಿನ ಕಡೆಯಿಂದ ಮೂರು ವರ್ಷದ ಮಟ್ಟಿಗೆಂದು ವರ್ಗವಾಗಿ ಇಲ್ಲಿಗೆ ಬಂದು, ನಿವೃತ್ತಿಯಾದ ಮೇಲೂ ಇಲ್ಲಿಯೇ ಉಳಿದೆ. ಬ್ಯಾಂಕಿನಲ್ಲಿ ನನಗೆ ಕಾಗದಪತ್ರದ ಹುಲಿ ಎಂದು ಹೆಸರಿತ್ತು. ಅರ್ಜಿಯ ಮೂಲೆಯಲ್ಲಿ ಒಂದು ಸಹಿ ಇಲ್ಲದಿದ್ದರೆ ವಾಪಸು ಕಳಿಸುತ್ತಿದ್ದೆ. ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದ ಮುದುಕರನ್ನೂ ಕಳಿಸಿದ್ದೇನೆ. ಅದನ್ನು ಶಿಸ್ತು ಎಂದುಕೊಂಡಿದ್ದೆ, ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಗಿರಿಜಾ ನನ್ನ ಹೆಂಡತಿ. ನನ್ನ ಬಲ ಮೊಣಕಾಲಿನ ಆಪರೇಶನ್ ಆಗಿ ಕೈಗೆ ಕೋಲು ಬಂದಾಗ, ಕಾರು ನಿಂತಲ್ಲೇ ನಿಂತು ಬ್ಯಾಟರಿ ಸತ್ತಿತು. ಒಂದು ದಿನ ಅವಳು ಸೆರಗು ಸಿಕ್ಕಿಸಿಕೊಂಡು ಡ್ರೈವಿಂಗ್ ಶಾಲೆಗೆ ಹೋಗಿ ಹೆಸರು ಹಚ್ಚಿ ಬಂದಳು. ಆಗ ಅವಳಿಗೆ ಐವತ್ತೆಂಟು. ಕಲಿಸುವವನು ಅವಳಿಗೆ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ, ಉಳಿದ ವಿದ್ಯಾರ್ಥಿಗಳಿಗೆ ಬೈಯುವಷ್ಟು ಇವಳಿಗೆ ಬೈಯಲು ಆಗದೆ ಒದ್ದಾಡುತ್ತಿದ್ದನಂತೆ. ಮೂರು ತಿಂಗಳಲ್ಲಿ ಲೈಸೆನ್ಸ್ ಬಂತು. ಅದನ್ನು ಅವಳು ಪರ್ಸಿನಲ್ಲಿ ಇಡುವ ಮುಂಚೆ ಎರಡು ದಿನ ಅಡುಗೆಮನೆಯ ಡಬ್ಬಿಗೆ ಆನಿಸಿ ಇಟ್ಟಿದ್ದಳು, ಒಗ್ಗರಣೆ ಹಾಕುವಾಗ ಕಾಣುವ ಹಾಗೆ.

ಅಂದಿನಿಂದ ನಾನು ಎಡಗಡೆಯ ಸೀಟಿಗೆ ಬಂದೆ. ಬಂದೆನೇ ಹೊರತು ಬಲಗಡೆಯ ಕೆಲಸ ಬಿಡಲಿಲ್ಲ. ಗೇರ್ ಹಾಕು, ಹಾರ್ನ್ ಹೊಡಿ, ಅವನ ಹಿಂದೆ ಹೋಗಬೇಡ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಎದುರಿಗೆ ಏನು ಬಂದರೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ವರ್ಷ ತುಂಬುವುದರಲ್ಲಿ ಎಡಗಡೆಯ ಕಾಲೊರಸು ಆ ಜಾಗದಲ್ಲಿ ಸವೆದು ತೂತು ಬಿದ್ದಿತು.

ಆ ದಿನ ಮಧ್ಯಾಹ್ನ ತೊಗರಿಬೇಳೆ ತರಲು ಇತವಾರಿಗೆ ಹೋಗಿದ್ದೆವು. ಪೈಪು ಹೇರಿದ ಕೈಗಾಡಿಯೊಂದು ಅಡ್ಡ ದಾಟುತ್ತಿತ್ತು. ನಾನು ಎಂದಿನಂತೆ, “ಹೋಗು ಹೋಗು, ಅವ ನಿಂದರ್ತಾನ” ಎಂದೆ. ಗಿರಿಜಾ ನನ್ನ ಮಾತು ಕೇಳದೆ ಕಾರು ನಿಲ್ಲಿಸಿದಳು. ಕೈಗಾಡಿ ದಾಟಿತು. ಅಷ್ಟರಲ್ಲಿ ಬಲಗಡೆಯ ಓಣಿಯಿಂದ ಮಂಟಪದ ಕುರ್ಚಿಗಳನ್ನು ಹೇರಿಕೊಂಡು ಬಂದ ಸಣ್ಣ ಟೆಂಪೋ ನಮ್ಮ ಹಿಂದಿನ ಬಾಗಿಲಿಗೆ ಬಂದು ಗುದ್ದಿತು. ಕಿಟಕಿಯ ಗಾಜು ಪುಡಿಯಾಗಿ ಸೀಟಿನ ತುಂಬ ಚೆಲ್ಲಿತು. ನಮಗಿಬ್ಬರಿಗೂ ಗೀರು ಕೂಡ ಆಗಲಿಲ್ಲ.

ನಾನು ಕೋಲು ಹುಡುಕಿ, ಬೆಲ್ಟ್ ಬಿಚ್ಚಿ, ಒಂದೊಂದೇ ಕಾಲು ಹೊರಗಿಡುವುದರೊಳಗೆ ಗಿರಿಜಾ ಇಳಿದು ಟೆಂಪೋದ ಹತ್ತಿರ ಹೋಗಿದ್ದಳು. ಪೆಟ್ಟಾಯಿತೇನಪ್ಪಾ ಎಂದು ಅವನನ್ನು ಹಿಂದಿಯಲ್ಲಿ ಕೇಳುತ್ತಿದ್ದಳು. ಅವನ ಹೆಸರು ಬಬನ್. ನಲವತ್ತರ ಆಸುಪಾಸಿನ, ತೆಳ್ಳನೆಯ ಮನುಷ್ಯ. ಬ್ರೇಕ್ ಹಿಡಿಯಲಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ನಾನು ಹೋದವನೇ ಇನ್ಶೂರೆನ್ಸ್ ಕಾಗದ ಕೇಳಿದೆ. ತೋರಿಸಿದ. ಮುಗಿದು ಮೂರು ತಿಂಗಳಾಗಿತ್ತು.

“ರಹ್ ಗಯಾ ಸಾಬ್” ಎಂದ. ಉಳಿದುಹೋಯಿತು, ಅಷ್ಟೇ. ಬಾಡಿಗೆ ಇಲ್ಲದೆ ಗಾಡಿ ಮನೆಯ ಮುಂದೆ ನಿಂತಿತ್ತಂತೆ, ಅವತ್ತೇ ಮೊದಲ ಕೆಲಸ ಸಿಕ್ಕಿತ್ತಂತೆ.

ನನ್ನೊಳಗಿನ ಹುಲಿ ಎದ್ದು ಕುಳಿತಿತು. ಕಾಗದದ ಮೇಲೆ ತಾರೀಖು ಇರುತ್ತದೆ, ತಾರೀಖು ನೋಡಲು ಕಣ್ಣುಗಳಿರುತ್ತವೆ, ರಸ್ತೆಗೆ ಇಳಿಯುವವನಿಗೆ ಇಷ್ಟೂ ಜವಾಬ್ದಾರಿ ಬೇಡವೇ ಎಂದು ನೆರೆದವರೆಲ್ಲ ಕೇಳುವ ಹಾಗೆ ಭಾಷಣ ಮಾಡಿದೆ. ಬಬನ್ ತಲೆ ತಗ್ಗಿಸಿ ಕೇಳಿಸಿಕೊಂಡ. ನಾಲ್ಕಾರು ಜನ ನನ್ನ ಮಾತಿಗೆ ತಲೆದೂಗಿದ್ದು ನನಗೆ ಹಿತವಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಚೌಕದಲ್ಲಿದ್ದ ಪೊಲೀಸನೊಬ್ಬ ಬಂದ. ನೇರವಾಗಿ ನನ್ನ ಮುಖ ನೋಡಿ, ಗಾಡಿ ಯಾರು ನಡೆಸುತ್ತಿದ್ದರು ಎಂದು ಮರಾಠಿಯಲ್ಲಿ ಕೇಳಿದ.

“ಮೀ” ಎಂದೆ. ಅಂದರೆ, ನಾನು.

ಅವನು ನನ್ನ ಕೈಯ ಕೋಲನ್ನೊಮ್ಮೆ ನೋಡಿ, ಹೇಳಿದ್ದನ್ನು ಬರೆದುಕೊಂಡ. ಟೆಂಪೋವನ್ನು ಠಾಣೆಗೆ ಸಾಗಿಸಿ, ನಾಳೆ ಇಬ್ಬರೂ ಕಾಗದ ತೆಗೆದುಕೊಂಡು ಅಲ್ಲಿಗೆ ಬನ್ನಿ ಎಂದ. ಗಿರಿಜಾ ನನ್ನತ್ತ ತಿರುಗಿ ನೋಡಿದಳು.

ಯಾಕೆ ಹಾಗೆ ಹೇಳಿದೆ? ಹೆಂಡತಿ ಠಾಣೆ ಹತ್ತುವುದು ಬೇಡವೆಂದು ಹೇಳಿದೆ ಎಂದು ಅವತ್ತು ನನಗೆ ನಾನೇ ಸಮಾಧಾನ ಮಾಡಿಕೊಂಡೆ, ಒಳಗೊಳಗೇ ಬೆನ್ನೂ ಚಪ್ಪರಿಸಿಕೊಂಡೆ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಇವಳೇ ಏನೋ ತಪ್ಪು ಮಾಡಿರಬೇಕು ಎಂಬ ಸಂಶಯ. ನಿಂತ ಕಾರಿನಲ್ಲಿ, ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕಣ್ಣಾರೆ ಕಂಡವನಿಗೆ ಆ ಸಂಶಯ ಬಂದಿತ್ತು.

ಅವತ್ತು ಸಂಜೆ ಫೋನುಗಳು ಬಂದವು. ಅವಳ ತಮ್ಮ ಗದಗಿನಿಂದ, ನಮ್ಮ ಮಗಳು ಪುಣೆಯಿಂದ. ಇಬ್ಬರೂ ಮೊದಲು ಪೆಟ್ಟಾಯಿತೇ ಎಂದು ಕೇಳಿದರು, ಆಮೇಲೆ ಯಾರು ನಡೆಸುತ್ತಿದ್ದರು ಎಂದು ಕೇಳಿದರು. ಮನೆಯವರ ಮುಂದೆ ಸುಳ್ಳೇಕೆ, ಗಿರಿಜಾ ಎಂದೆ. ತಮ್ಮ “ಹಾಂ” ಎಂದು ಉದ್ದಕ್ಕೆ ಎಳೆದ. ಮಗಳು “ತರೀಚ್” ಎಂದಳು, ಅದಕ್ಕೇ ಮತ್ತೆ ಎಂಬ ಹಾಗೆ. ನಾನು ಏನೂ ತಿದ್ದಲಿಲ್ಲ. ಸ್ವಲ್ಪ ನಕ್ಕೆನೋ ಏನೋ. ಗಿರಿಜಾ ಇದ್ದ ಅಡುಗೆಮನೆಗೂ ನಮ್ಮ ಹಾಲಿಗೂ ನಡುವೆ ಬಾಗಿಲಿಲ್ಲ.

ಮರುದಿನ ಬೆಳಿಗ್ಗೆ ಕಾರಿನ ಕೀಲಿ ಕ್ಯಾಲೆಂಡರಿನ ಮೊಳೆಗೆ ತೂಗುತ್ತಿತ್ತು. ಅದು ಯಾವಾಗಲೂ ಅವಳ ಪರ್ಸಿನಲ್ಲಿರುತ್ತಿತ್ತು. ಕಾರನ್ನು ಹೇಗೂ ಗ್ಯಾರೇಜಿಗೆ ಒಯ್ಯಬೇಕಲ್ಲ, ನೀನೇ ನಿಧಾನಕ್ಕೆ ನಡೆಸು ಎಂದೆ.

“ಗ್ಯಾರೇಜಿನವರೇ ಬಂದು ಒಯ್ಲಿ. ನಾ ಇನ್ನ ಗಾಡಿ ಮುಟ್ಟೂದಿಲ್ಲ” ಎಂದಳು. ಸಿಟ್ಟಿನಿಂದಲ್ಲ, ಹಾಲು ಬೇಡವೆಂದು ಹಾಲಿನವನಿಗೆ ಹೇಳುವ ಹಾಗೆ ಹೇಳಿದಳು. ನಾವು ಆಟೋದಲ್ಲಿ ಠಾಣೆಗೆ ಹೋದೆವು.

ಬಬನ್ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕುಳಿತಿದ್ದ. ಹವಾಲ್ದಾರ್ ವಯಸ್ಸಾದವನು, ಅವಸರವಿಲ್ಲದವನು. ನನ್ನ ಲೈಸೆನ್ಸ್ ಕೇಳಿದ. ನಾನು ನನ್ನ ಹೆಸರಾಂತ ಫೈಲನ್ನು ಬಿಚ್ಚಿ, ಹೆಸರು ಬರೆದ ಲಕೋಟೆಯಿಂದ ಲೈಸೆನ್ಸ್ ತೆಗೆದು, ಕನ್ನಡಕ ಸರಿಪಡಿಸಿಕೊಂಡು ಮೇಜಿನ ಮೇಲಿಟ್ಟೆ. ಅವನು ತಿರುಗಿಸಿ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ತಾರೀಖಿನ ಮೇಲೆ ಬೆರಳಿಟ್ಟು ನನ್ನ ಕಡೆಗೆ ಸರಿಸಿದ. ಅವಧಿ ಮುಗಿದು ಐದು ತಿಂಗಳಾಗಿತ್ತು. ಮೊಣಕಾಲಿನ ಗದ್ದಲದಲ್ಲಿ ನಾನು ಅದನ್ನು ತೆರೆದೇ ನೋಡಿರಲಿಲ್ಲ.

ಏನಿದು ಎಂದು ಕೇಳಿದ. ನನ್ನ ಬಾಯಿಂದ ಹೊರಟ ಮಾತು, ನಂಬಿದರೆ ನಂಬಿ, “ರಹ್ ಗಯಾ.”

ಬಬನ್ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹವಾಲ್ದಾರ್ ಪೆನ್ನು ಕೆಳಗಿಟ್ಟು, ಅವನದು ಇನ್ಶೂರೆನ್ಸ್ ಇಲ್ಲ, ನಿಮ್ಮದು ಲೈಸೆನ್ಸ್ ಇಲ್ಲ, ಬರೆದರೆ ಇಬ್ಬರದೂ ಬರೆಯಬೇಕಾಗುತ್ತದೆ, ನಿಮ್ಮ ನಿಮ್ಮಲ್ಲೇ ಮುಗಿಸಿಕೊಂಡು ಮನೆಗೆ ಹೋಗಿ ಎಂದ. ಬಬನ್‌ಗೆ ಅದಕ್ಕಿಂತ ಒಳ್ಳೆಯ ಮಾತಿರಲಿಲ್ಲ. ಅವನ ಟೆಂಪೋ ಅವತ್ತೇ ಅವನ ಕೈಗೆ ಸಿಗುತ್ತಿತ್ತು. ನನಗೂ ಮಾನ ಉಳಿಯುತ್ತಿತ್ತು. ಹೂಂ ಎನ್ನಲು ನಾನು ಬಾಯಿ ತೆರೆದಿದ್ದೆ. ಗಿರಿಜಾ ಗೋಡೆಯ ಮೇಲಿನ ಗಡಿಯಾರ ನೋಡುತ್ತ ಕುಳಿತಿದ್ದಳು. ನಮ್ಮ ಮೂವರ ಲೆಕ್ಕದಲ್ಲಿ ಅವಳು ಅಲ್ಲಿ ಇರಲೇ ಇಲ್ಲ.

ಆಗ ಬಬನ್ ಎದ್ದು ನಿಂತ. “ಗಾಡಿ ಮೇಡಮ್ ಚಲಾ ರಹೀ ಥೀ ಸಾಬ್” ಎಂದ. “ಬರೋಬರ್ ಚಲಾ ರಹೀ ಥೀ. ಗಲತೀ ಮೇರೀ ಹೈ.” ಗಾಡಿ ನಡೆಸುತ್ತಿದ್ದವರು ಮೇಡಮ್, ಸರಿಯಾಗಿಯೇ ನಡೆಸುತ್ತಿದ್ದರು, ತಪ್ಪು ನನ್ನದು.

ಹವಾಲ್ದಾರ್ ಅವನನ್ನೇ ನೋಡಿದ. ಹೀಗೆ ಹೇಳಿದರೆ ಗಾಡಿ ಇಲ್ಲೇ ನಿಲ್ಲುತ್ತದೆ, ದಂಡ ಬೀಳುತ್ತದೆ, ಗೊತ್ತಿದೆಯೇ ಎಂದು ಕೇಳಿದ. ಬಬನ್ ಗೊತ್ತು ಎಂದ. ಮೇಡಮ್ ಕೈಗಾಡಿಯವನಿಗೆ ದಾರಿ ಕೊಟ್ಟು ನಿಂತಿದ್ದರು, ಇಳಿದವರೇ ಮೊದಲು ನನಗೆ ಪೆಟ್ಟಾಯಿತೇ ಎಂದು ಕೇಳಿದರು, ಅವರ ಹೆಸರು ಬಿಟ್ಟು ಹೇಗೆ ಬರೆಸಲಿ ಎಂದ. ಹವಾಲ್ದಾರ್ ಈಗ ಗಿರಿಜಾಳ ಕಡೆಗೆ ತಿರುಗಿದ. ಅವಳು ಪರ್ಸಿನಿಂದ ಲೈಸೆನ್ಸ್ ತೆಗೆದು ಕೊಟ್ಟಳು. ತರಕಾರಿ ಸಂತೆಯಲ್ಲಿ ಮೂವತ್ತು ವರ್ಷ ಪಳಗಿದ ಮರಾಠಿಯಲ್ಲಿ, ಕೈಗಾಡಿ ಎಲ್ಲಿತ್ತು, ತಾನು ಎಲ್ಲಿ ನಿಂತಳು, ಟೆಂಪೋ ಯಾವ ಓಣಿಯಿಂದ ಬಂತು ಎಂದು ಒಂದೂ ಮಾತು ಹೆಚ್ಚಿಲ್ಲದೆ ಹೇಳಿದಳು. ಹೋಗು ಹೋಗು ಎಂದು ನಾನು ಅಂದದ್ದನ್ನು ಮಾತ್ರ ಹೇಳಲಿಲ್ಲ. ಹವಾಲ್ದಾರ್ ಹೊಸ ಹಾಳೆ ತೆಗೆದು ಎಲ್ಲ ಬರೆದುಕೊಂಡ. ನನಗೆ, ವಿದ್ಯಾವಂತರು ನೀವು, ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದ.

ಬಬನ್‌ನ ಟೆಂಪೋ ಠಾಣೆಯ ಅಂಗಳದಲ್ಲಿ ಉಳಿಯಿತು. ಹೊರಗೆ ಬಂದು ಅವನಿಗೆ ಏನಾದರೂ ಹೇಳಬೇಕೆಂದು ನಿಂತೆ. ಅವನೇ, ಲೈಸೆನ್ಸ್ ಮಾಡಿಸಿಕೊಳ್ಳಿ ಸಾಬ್ ಎಂದು ಹೇಳಿ ನಡೆದುಹೋದ. ಕುಹಕವಿರಲಿಲ್ಲ ಅದರಲ್ಲಿ. ನನ್ನ ಭಾಷಣಕ್ಕಿಂತ ಅವನ ಆ ಒಂದು ಮಾತು ಎಷ್ಟೋ ಸಭ್ಯವಾಗಿತ್ತು.

ಆಟೋ ಅರ್ಧ ದಾರಿಗೆ ಬಂದಾಗ ಗಿರಿಜಾ ರಸ್ತೆ ನೋಡುತ್ತಲೇ ಹೇಳಿದಳು. “ಪೊಲೀಸ್ರ ಮುಂದ ನೀವು ನಡಸಿದ್ರಿ. ನನ್ನ ತಮ್ಮನ ಮುಂದ ನಾ ನಡಸೀನಿ. ತಪ್ಪು ಯಾರದಂತ ಮಾತ್ರ ಒಬ್ರಿಗೂ ಹೇಳಲಿಲ್ಲ ನೀವು.”

ನನಗೆ ಬಹಳ ನಾಚಿಕೆಯಾಯಿತು. ಮುಖ ತಿರುಗಿಸಿಕೊಂಡು ಕುಳಿತೆ.

ಬಬನ್‌ನ ಕಡೆ ಇನ್ಶೂರೆನ್ಸ್ ಇರಲಿಲ್ಲವಾದ್ದರಿಂದ ನಮ್ಮ ಪಾಲಿಸಿಯ ಮೇಲೆಯೇ ಅರ್ಜಿ ಹಾಕಿದೆವು. ಗಾಡಿ ನಡೆಸಿದವರ ಹೆಸರು ಎಂಬ ಜಾಗದಲ್ಲಿ ಅವಳ ಹೆಸರನ್ನು ನಾನೇ ಬರೆದೆ. ಪರಿಶೀಲನೆಗೆ ಬಂದವನು ಅವಳನ್ನೇ ಕೇಳಿ, ನೋಡಿ, ಒಪ್ಪಿಕೊಂಡು ಹೋದ. ಸದರ್ ಬಡಾವಣೆಯ ಗ್ಯಾರೇಜಿನಿಂದ ಗಾಡಿ ತಯಾರಾಗಿದೆ ಎಂದು ಫೋನು ಬಂದಾಗ ಎರಡು ವಾರ ಕಳೆದಿದ್ದವು. ಗ್ಯಾರೇಜಿನವರು ಒಯ್ದದ್ದು ಇನ್ನೊಂದು ಕೀಲಿ, ಅವಳದು ಮಾತ್ರ ಮೊಳೆಗೇ ತೂಗುತ್ತಿತ್ತು. ಅದರ ಕೆಳಗೆ ಅವಳು ಸೊಪ್ಪು ಹೆಚ್ಚುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ.

ಅವತ್ತು ಸಂಜೆ ಹಾಲಿನಲ್ಲಿ ಕುಳಿತು ಗದಗಿಗೆ ಫೋನು ಮಾಡಿದೆ. ಭಾವಮೈದುನ ನನ್ನ ಮೊಣಕಾಲನ್ನು ವಿಚಾರಿಸತೊಡಗಿದ. ಅದು ಇರಲಿ, ಮೊದಲು ಇದು ಕೇಳು ಎಂದೆ. ನಿಮ್ಮ ಅಕ್ಕನ ತಪ್ಪು ಎಳ್ಳಷ್ಟೂ ಇರಲಿಲ್ಲ, ನನ್ನ ಮಾತು ಕೇಳಿದ್ದರೆ ಕೈಗಾಡಿಯವನ ಮೇಲೆ ಹೋಗುತ್ತಿದ್ದೆವು, ಠಾಣೆಯಲ್ಲಿ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದೆ ಎಂದೆಲ್ಲ ಬಿಡಿಸಿ ಹೇಳಿದೆ. ಆಮೇಲೆ ಪುಣೆಗೆ ಮಾಡಿ ಅದನ್ನೇ ಮಗಳಿಗೂ ಹೇಳಿದೆ. ಮಗಳು, ಅಮ್ಮನಿಗೆ ಫೋನು ಕೊಡಿ ಎಂದಳು. ಅಡುಗೆಮನೆಯಲ್ಲಿ ಈಳಿಗೆಯ ಸದ್ದು ಯಾವಾಗಲೋ ನಿಂತಿತ್ತು.

ಬೆಳಿಗ್ಗೆ ಮೊಳೆ ಬರಿದಾಗಿತ್ತು. ಗಿರಿಜಾ ಪರ್ಸು ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಳು.

“ನಡ್ರಿ, ಗಾಡಿ ತರೂಣು. ಬಾಜೂಕ ಕುಂತು ಬ್ರೇಕ್ ಮಾತ್ರ ಒತ್ತಬ್ಯಾಡ್ರಿ.”

ಇದಾಗಿ ಎರಡು ವರ್ಷ. ಬಬನ್ ಆಗಾಗ ಇತವಾರಿಯಲ್ಲಿ ಸಿಗುತ್ತಾನೆ. ಟೆಂಪೋದಿಂದಲೇ ಮೇಡಮ್‌ಗೆ ಕೈ ಎತ್ತುತ್ತಾನೆ, ನನಗೂ ಅದರಲ್ಲೇ ಪಾಲು. ಇವತ್ತು ಸಿಕ್ಕ ಕೇಸರಿ ಚೂರನ್ನು ಗಿರಿಜಾಳಿಗೆ ತೋರಿಸಿದೆ. ಅವಳು ಅದನ್ನು ಡ್ಯಾಶ್‌ಬೋರ್ಡಿನಲ್ಲಿ ತನ್ನ ಕನ್ನಡಕದ ಪಕ್ಕ ಇಟ್ಟು ಗಾಡಿ ಚಾಲೂ ಮಾಡಿದಳು.

ಕನ್ಹಾನಿನ ಸೇತುವೆಗಿಂತ ಸ್ವಲ್ಪ ಮೊದಲು ತಪಾಸಣೆ ನಡೆಯುತ್ತಿತ್ತು. ಎಳೆಯ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ನನ್ನ ಬಿಳಿ ತಲೆ ನೋಡಿ ನೇರ ನನ್ನ ಕಿಟಕಿಗೆ ಬಂದು ಲೈಸೆನ್ಸ್ ಕೇಳಿದ. ನಾನು ಬಾಯಿ ತೆರೆಯಲಿಲ್ಲ. ಗಿರಿಜಾ ತನ್ನ ಕಡೆಯ ಗಾಜು ಇಳಿಸಿ, ಕೈ ಹೊರಗೆ ಚಾಚಿ ಈ ಕಡೆ ಬಾ ಎಂದು ಅವನನ್ನು ಕರೆದಳು.

“ಇಕಡೆ ಯಾ ದಾದಾ. ಗಾಡಿ ಮೀ ಚಾಲವತೇ.”

ಗಾಡಿ ನಡೆಸುವವಳು ನಾನು ಎಂದದ್ದು ಕೇಳಿ ಅವನು ಕಾರಿನ ಮುಂದಿನಿಂದ ಸುತ್ತು ಹಾಕಿ ಅವಳ ಕಡೆಗೆ ಹೋದ. ನಾನು ಕೋಲನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಕಾದು ಕುಳಿತೆ. ಬೆಳಿಗ್ಗೆ ಬಡಿದು ಹಾಸಿದ ಕಾಲೊರಸು ಕಾಲ ಕೆಳಗಿತ್ತು. ಎರಡು ವರ್ಷದ ಹಿಂದೆ ಹೊಸದಾಗಿ ಹಾಕಿಸಿದ್ದು, ಇನ್ನೂ ಎಲ್ಲಿಯೂ ಸವೆದಿಲ್ಲ.