ಬೆಳವಡಿ ಡಾಕ್ಟರ ಭಾರದ ಗುಂಡುಗಳು

ಬೆಳವಡಿ ಡಾಕ್ಟರ ಮನೆಯಲ್ಲಿ ಊಟಕ್ಕೆ ಕೂರಬೇಕಾದರೆ ಮೊದಲು ಮೇಜಿನ ಮೇಲಿನ ತಕ್ಕಡಿ ಎದ್ದುಹೋಗಬೇಕಿತ್ತು. ಒಡವೆ ತೂಗುವಂಥ ಪುಟ್ಟ ತಕ್ಕಡಿ. ಅದರ ಒಂದು ಬದಿಗೆ ಶೇಂಗಾ ಚಟ್ನಿಯ ಡಬ್ಬಿ, ಇನ್ನೊಂದು ಬದಿಗೆ ತಾಮ್ರದ ಬಣ್ಣದ ರೈಫಲ್ ಗುಂಡುಗಳ ಸಾಲು. ಡಾಕ್ಟರು ಒಂದೊಂದನ್ನೂ ತೂಗಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕಿಡುತ್ತಿದ್ದರು.

“ನನ್ನ ಬಂಗಾರ ಒಂದ ಸಲನೂ ತೂಗಿಲ್ಲ ಇವ್ರು,” ಎಂದು ಅವರ ಹೆಂಡತಿ ಶಾಂತಕ್ಕ ರೊಟ್ಟಿ ಬಡಿಸುತ್ತ ಹೇಳುವರು.

ಡಾಕ್ಟರು ಧಾರವಾಡದ ಕಡೆಯವರು, ಮೇರಿಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ವೈದ್ಯರು. ಮೊಟ್ಟೆ ಮುಟ್ಟದವರು. ಬಾತ್‌ಟಬ್ಬಿನಲ್ಲಿ ಸಿಕ್ಕ ಜೇಡವನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟುಬರುತ್ತಿದ್ದರು. ಅವರು ಗುಂಡು ಹೊಡೆಯುತ್ತಿದ್ದದ್ದು ಕಾಗದಕ್ಕೆ ಮಾತ್ರ, ಅದೂ ಸಾವಿರ ಗಜ ಆಚೆಯ ಕಾಗದಕ್ಕೆ. “ಸಮೀಪ ಇದ್ದದ್ದಕ್ಕ ಹೊಡಿಯೂದು ಸಿಟ್ಟು, ತಮ್ಮಾ. ಇಷ್ಟು ದೂರದ್ದಕ್ಕ ಹೊಡಿಯೂದು ಬರೇ ಗಣಿತ,” ಎನ್ನುತ್ತಿದ್ದರು.

ನಮ್ಮ ಪರಿಚಯವಾದದ್ದು ಅಲ್ಲಿಯದೇ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ, ಪುಳಿಯೋಗರೆಯ ಸಾಲಿನಲ್ಲಿ. ಹರ್ನ್‌ಡನ್ನಿನಲ್ಲಿ, ಪಕ್ಕದ ವರ್ಜೀನಿಯಾದಲ್ಲಿ, ನನ್ನ ಕಂಪ್ಯೂಟರ್ ಕೆಲಸ. ಗ್ರೀನ್ ಕಾರ್ಡಿನ ಅರ್ಜಿ ಯಾವುದೋ ಅಧಿಕಾರಿಯ ಮೇಜಿನ ಮೇಲೆ ಮಲಗಿತ್ತು. ಪಾರ್ಕಿಂಗ್ ಟಿಕೆಟ್ ಸಿಕ್ಕರೂ ದೇಶದಿಂದ ಓಡಿಸುತ್ತಾರೆಂದು ರಾತ್ರಿಯಿಡೀ ಹೊರಳಾಡುವ ನನ್ನನ್ನೇ ಅವರು ಸಹಾಯಕ್ಕೆ ಆರಿಸಿಕೊಂಡರು. “ಬಂದೂಕು ಮುಟ್ಟಬ್ಯಾಡ. ಕಂದಕದಾಗ ಕೂಡು, ಸಾಕು.”

ಕಂದಕವೆಂದರೆ ಗುರಿಹಲಗೆಯ ಬುಡದಲ್ಲಿ ತೋಡಿದ ಆಳದ ಕಾಲುವೆ. ಗುಂಡು ತಲೆಯ ಮೇಲೆ ಚಟಾರನೆ ಹಾದುಹೋಗುತ್ತದೆ; ಕೆಳಗಿದ್ದವನು ಹಲಗೆಯನ್ನು ಇಳಿಸಿಕೊಂಡು, ತೂತು ನೋಡಿ, ವಾಕಿಟಾಕಿಯಲ್ಲಿ ವರದಿ ಕೊಟ್ಟು, ತೂತಿಗೆ ಕಾಗದ ಅಂಟಿಸಿ ಮತ್ತೆ ಮೇಲೇರಿಸಬೇಕು. ಪ್ರತಿ ಗುಂಡಿಗೂ ನಾನು ಹೆಂಡತಿ ಮಕ್ಕಳನ್ನು ನೆನೆಯುತ್ತಿದ್ದೆ.

ಆ ವರ್ಷ ಡಾಕ್ಟರಿಗೆ ಅವಸರವಿತ್ತು. ಬಲಗಣ್ಣಿನ ನಟ್ಟನಡುವೆ ಮಸುಕು ಕವಿಯತೊಡಗಿತ್ತು. ಗುರಿ ಹಿಡಿಯಲು ಇನ್ನೊಂದೇ ವರ್ಷ ಸಾಧ್ಯವೆಂದು ಕಣ್ಣಿನ ವೈದ್ಯರು ಹೇಳಿದ್ದರು. ಅಷ್ಟರೊಳಗೆ ಉತ್ತರ ಕ್ಯಾರೊಲಿನಾದ ಗುರಿ ಹೊಡೆಯುವ ಪಂದ್ಯದಲ್ಲಿ ಒಮ್ಮೆಯಾದರೂ ಇಪ್ಪತ್ತಕ್ಕೆ ಇಪ್ಪತ್ತೂ ಗುಂಡುಗಳನ್ನು ಕಪ್ಪು ವೃತ್ತದೊಳಗೆ ಹಾಕಬೇಕೆಂಬ ಆಸೆ. ಅದಕ್ಕೆಂದೇ ಭಾರದ ಗುಂಡು. “ಹಗುರಾದ್ದು ಗಾಳಿ ಹೇಳಿದಂಗ ಕೇಳ್ತದ. ಭಾರದ್ದು ಯಾರ ಮಾತೂ ಕೇಳೂದಿಲ್ಲ.” ತೊಡಕು ಒಂದೇ: ಭಾರದ ಗುಂಡು ಉದ್ದ. ಬಂದೂಕಿನ ನಳಿಕೆ ಅದನ್ನು ಸಾಕಷ್ಟು ಜೋರಾಗಿ ತಿರುಗಿಸದಿದ್ದರೆ ಸೋತ ಬುಗುರಿಯ ಹಾಗೆ ತೂರಾಡುತ್ತದೆ. ತೂತು ದುಂಡಗಿದ್ದರೆ ಸೈ, ಉದ್ದಕಿದ್ದರೆ ಕೆಟ್ಟಿತು ಎಂದು ಅವರೇ ನನಗೆ ಕಲಿಸಿದ್ದರು.

ವರ್ಜೀನಿಯಾದ ಬಯಲಿನಲ್ಲಿ ಮುನ್ನೂರು ಗಜದಿಂದ ಪರೀಕ್ಷೆ ನಡೆಯಿತು. ಹತ್ತನ್ನೂ ಹೊಡೆದಾದ ಮೇಲೆ ಹಲಗೆ ಇಳಿಸಿ ನೋಡಿದೆ. ಹತ್ತು ಗುಂಡುಗಳೂ ಅಂಗೈಯಗಲದ ಜಾಗದಲ್ಲೇ ಬಿದ್ದಿದ್ದವು. ಆದರೆ ತೂತುಗಳು ಅಕ್ಕಿಕಾಳಿನ ಹಾಗಿದ್ದವು.

“ಹೆಂಗದ?” ಎಂದಿತು ವಾಕಿಟಾಕಿ.

“ಎಲ್ಲಾ ನಡುವೆಯೇ ಬಿದ್ದಿವೆ ಸರ್.”

“ದುಂಡಗ ಅದಾವಿಲ್ಲೋ?”

ಬಡಿಸಿದವರು ಹೇಗಿದೆಯೆಂದು ಕೇಳಿದರೆ ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಎಂದು ಸುರಿದುಕೊಳ್ಳುವ ಮೈಸೂರಿನವನು ನಾನು. “ದುಂಡಗೇ ಇವೆ ಸರ್, ಹೆಚ್ಚುಕಮ್ಮಿ,” ಎಂದೆ. ಆ ಕಡೆಯಿಂದ ಶಿಳ್ಳೆ ಕೇಳಿಸಿತು. ಕಾಗದ ಇಬ್ಬನಿಗೆ ನೆನೆದಿರಬೇಕು ಎಂದು ಸಮಾಧಾನ ಹೇಳಿಕೊಂಡು ಹತ್ತೂ ತೂತುಗಳನ್ನು ಮುಚ್ಚಿ ಅಂಟಿಸಿದೆ. ಸಾಕ್ಷಿಯೂ ಹೋಯಿತು.

ಕ್ಯಾರೊಲಿನಾದ ಚಳಿಯ ಬೆಳಿಗ್ಗೆ, ಸಾವಿರ ಗಜದಲ್ಲಿ, ಇಪ್ಪತ್ತರಲ್ಲಿ ಏಳು ಗುಂಡುಗಳು ಹಲಗೆಯನ್ನೇ ಮುಟ್ಟಲಿಲ್ಲ. ಡಾಕ್ಟರು ಕೊನೆಯ ಗುಂಡಿನವರೆಗೂ ಅವಸರ ಮಾಡದೆ ಹೊಡೆದರು, ಎದ್ದರು, ಚಾಪೆ ಸುತ್ತಿದರು. ಹಿಂದಿರುಗುವಾಗ ಕಾರು ಅವರೇ ಓಡಿಸಿದರು. ದಾರಿಯಲ್ಲಿ ಕೇಳಿದರು, “ಅವತ್ತು ತೂತು ಹೆಂಗಿದ್ವು?”

“ಅಕ್ಕಿಕಾಳಿನ ಹಾಗೆ ಸರ್.”

“ಪೇಶಂಟ್ ಮಲಗಿರ್ತಾನ. ನಾಡಿ ಹೆಂಗದ ಅಂತ ಕೇಳ್ತೀನಿ. ನರ್ಸು ‘ಚಲೋ ಅದ, ಹೆಚ್ಚುಕಮ್ಮಿ’ ಅಂದ್ರ ನಾ ಏನ ಮಾಡ್ಲಿ?”

ಹೆದ್ದಾರಿಯ ಮುಂದಿನ ಎಕ್ಸಿಟ್‌ನಲ್ಲಿ ಕಾರು ನಿಲ್ಲಿಸಿ, ಶಾಂತಕ್ಕ ಕಟ್ಟಿಕೊಟ್ಟಿದ್ದ ಅವಲಕ್ಕಿಯ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟರು. “ತಿನ್ನು. ಹಸಿದ ಮುಖಾ ಮಾಡ್ಕೊಂಡು ಕೂಡಬ್ಯಾಡ.” ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಮರುವರ್ಷದ ಪಂದ್ಯದ ಹೊತ್ತಿಗೆ ಕಣ್ಣು ಕೈಕೊಟ್ಟಿತ್ತು. ಮಗಳ ಹತ್ತಿರವಿರಲು ಅಟ್ಲಾಂಟಾಕ್ಕೆ ಹೋದರು. ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋದಾಗ ಕಂಡೆ. ಭಾರದ ಗುಂಡಿಗೆ ತಕ್ಕ ಹೊಸ ನಳಿಕೆ ಹಾಕಿಸಿಟ್ಟುಕೊಂಡಿದ್ದರು. “ನಡಿ, ಐದ ಹೊಡಿಯೂಣು.”

ನೂರೇ ಗಜ. ಹೊಡೆದರು. ಗುಂಡಿನ ಸದ್ದೆಲ್ಲ ನಿಂತ ಮೇಲೆ ನಡೆದುಹೋಗಿ ಕಾಗದ ಕಿತ್ತು ತಂದೆ. ದಾರಿಯುದ್ದಕ್ಕೂ ನಾಲಿಗೆಯ ತುದಿಗೆ ಹತ್ತು ಸಿಹಿ ಸುಳ್ಳುಗಳು ಬಂದವು.

“ನಾಲ್ಕು ಗುಂಡು ಕಾಗದಕ್ಕೇ ತಾಗಿಲ್ಲ ಸರ್.”

“ತಾಗಿದ್ದು?”

“ದುಂಡಗಿದೆ.”

“ಹೆಚ್ಚುಕಮ್ಮಿ?”

“ಇಲ್ಲ ಸರ್. ದುಂಡಗಿದೆ.”

ಕಾಗದ ಇಸಿದುಕೊಂಡು ಬೆರಳ ತುದಿಯನ್ನು ತೂತಿನ ಅಂಚಿನ ಸುತ್ತ ನಿಧಾನವಾಗಿ ಆಡಿಸಿದರು. “ಲೆಕ್ಕಾ ಬರೋಬ್ಬರಿ ಇತ್ತು ಹಂಗಾರ,” ಎಂದರು.

ಮತ್ತೆ ನಾನು ಅವರನ್ನು ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿ ತಿಳಿದು ಫೋನು ಮಾಡಿದಾಗ ಶಾಂತಕ್ಕ ಹೇಳಿದರು: “ಆ ಕಾಗದಾ ಫ್ರಿಜ್ಜಿನ ಮ್ಯಾಲೆ ಹಚ್ಚಿದ್ರಪಾ. ಬಂದವ್ರಿಗೆಲ್ಲಾ ತೋರಸ್ತಿದ್ರು. ತಪ್ಪಿದ ನಾಕು ಮೊದ್ಲು ಹೇಳೂದು, ಆಮ್ಯಾಲೆ ತಾಗಿದ್ದು.”